ಮೈಸೂರಿನ ಬಂಡೆ ತೋಟದಲ್ಲಿ ಹಿಮಾಲಯದ ಪೊದೆಗಳು: ಒಂದು ಪ್ರಕರಣ ಅಧ್ಯಯನ

ಮೈಸೂರಿನ ವಿಜಯನಗರದ ಒಂದು ಮನೆ. ಕಟ್ಟುವಾಗ ಉಳಿದ ಗ್ರಾನೈಟ್ ಚಪ್ಪಡಿಗಳನ್ನು ಹಿತ್ತಲಿನ ಮೂಲೆಯಲ್ಲಿ ಪೇರಿಸಿ ಒಂದು ರಾಕ್ ಗಾರ್ಡನ್ ಮಾಡಿದ್ದರು. ಮನೆಯ ಯಜಮಾನರು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಇಲ್ಲಿ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಉತ್ತರಾಖಂಡದ ಹೂಗಳ ಕಣಿವೆಗೆ ಚಾರಣ ಹೋಗಿ ಬಂದ ಮೇಲೆ ಅವರಿಗೆ ಒಂದೇ ಹಂಬಲ. ಅಲ್ಲಿ ಬಂಡೆಗಳ ನಡುವೆ ಕಂಡ ಕುಳ್ಳ ಪೊದೆಗಳು ತಮ್ಮ ಹಿತ್ತಲಿನಲ್ಲೂ ಹೂ ಬಿಡಬೇಕು.

ಸುಮ್ನೆ ಆಸೆಪಟ್ಟು ಬಿಟ್ಟವರಲ್ಲ. ಓದಿಕೊಂಡು, ವಿಚಾರಿಸಿ, ಉತ್ತರದ ಒಂದು ನರ್ಸರಿಯಿಂದ ಗಿಡ ತರಿಸಿದರು. ಮೊಣಕಾಲೆತ್ತರಕ್ಕೆ ಬೆಳೆಯುವ ರೊಡೊಡೆಂಡ್ರಾನ್ ಆಂಥೋಪೋಗಾನ್, ಸಣ್ಣ ಬಿಳಿ ಹೂ ಬಿಡುವ ಕ್ಯಾಸಿಯೋಪಿ ಫ್ಯಾಸ್ಟಿಜಿಯಾಟಾ, ಜೊತೆಗೆ ನೆಲಕ್ಕೆ ಒರಗಿ ಬೆಳೆಯುವ ಡ್ಯಾಫ್ನಿ ನಿಯೋರಮ್. ಮೊದಲೆರಡು ಹಿಮಾಲಯದವು. ಡ್ಯಾಫ್ನಿ ಯುರೋಪಿನ ಬೆಟ್ಟಗಳದ್ದು, ಅದರ ಗುಲಾಬಿ ಹೂವಿಗೆ ಒಳ್ಳೆಯ ಪರಿಮಳ. ಗಿಡದ ಎಲ್ಲ ಭಾಗವೂ ವಿಷ ಅನ್ನುವುದನ್ನು ಮಾತ್ರ ಮಕ್ಕಳಿರುವ ಮನೆಯವರು ಮರೆಯಬಾರದು.

ನಾನು ಮೈಸೂರಿನಲ್ಲಿ ಮನೆ ತೋಟಗಳನ್ನು ನೋಡಿಕೊಳ್ಳುವ ಕೆಲಸದವನು. ಮೇಷ್ಟ್ರು ನನ್ನನ್ನು ಕರೆಸಿದಾಗ ಜೂನ್ ಶುರುವಾಗಿತ್ತು. ಅಷ್ಟು ಹೊತ್ತಿಗೆ ಕ್ಯಾಸಿಯೋಪಿ ಪೂರ್ತಿ ಒಣಗಿತ್ತು, ಡ್ಯಾಫ್ನಿ ಮಲಗಿತ್ತು. ರೊಡೊಡೆಂಡ್ರಾನ್‌ಗಳಲ್ಲಿ ಜೀವ ಇತ್ತು, ಆದರೆ ಎಲೆಗಳೆಲ್ಲ ಹಳದಿ. ನರಗಳು ಮಾತ್ರ ಹಸಿರು.

ಅವರು ಹೇಳಿದ ಕಥೆ ಹೀಗಿತ್ತು. ನವೆಂಬರ್‌ನಲ್ಲಿ ನೆಟ್ಟದ್ದು. ಜನವರಿ ಮುಗಿಯುವವರೆಗೂ ಎಲ್ಲ ಚೆನ್ನಾಗಿತ್ತು. ಫೆಬ್ರವರಿಯಲ್ಲಿ ಹೊಸ ಚಿಗುರೂ ಬಂತು, ಮನೆಯವರಿಗೆಲ್ಲ ಖುಷಿ. ಆ ಚಿಗುರು ಉದ್ದಕ್ಕೆ, ಪೇಲವವಾಗಿ ಬೆಳೆಯಿತು. ಏಪ್ರಿಲ್‌ನಲ್ಲಿ ಎಲೆ ಉದುರತೊಡಗಿತು. ಬಿಸಿಲಿಗೆ ಅಂದುಕೊಂಡು ಹಸಿರು ನೆರಳು ಬಲೆ ಕಟ್ಟಿದರು, ದಿನಕ್ಕೆ ಎರಡು ಸಲ ನೀರು ಕೊಟ್ಟರು. ಮೇ ತಿಂಗಳ ಗುಡುಗು ಮಳೆ ಸುರಿದ ಮೇಲೆ ಡ್ಯಾಫ್ನಿ ಕೆಲವೇ ದಿನಗಳಲ್ಲಿ ಬಾಡಿ ಬಿತ್ತು. ಮಣ್ಣು ಒದ್ದೆ ಇದ್ದಾಗಲೇ ಬಾಡಿದ್ದು ಅವರಿಗೆ ಅರ್ಥವಾಗಲಿಲ್ಲ.

ಡ್ಯಾಫ್ನಿಯನ್ನು ಕಿತ್ತು ನೋಡಿದೆವು. ಸಣ್ಣ ಬೇರುಗಳು ಒಂದೂ ಉಳಿದಿರಲಿಲ್ಲ. ದಪ್ಪ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಕಂದು ಸಿಪ್ಪೆ ಕೈಗೇ ಬಂತು, ಒಳಗಿನ ನಾರು ಮಾತ್ರ ಗಿಡದಲ್ಲಿ ಉಳಿಯಿತು. ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಕೆರೆದರೆ ಹಸಿರಿನ ಬದಲು ಕೆಂಪು ಮಿಶ್ರಿತ ಕಂದು. ಇದು ಬೇರು ಕೊಳೆಯ ಲಕ್ಷಣ. ಫೈಟಾಫ್ತೋರಾದಂಥ, ಬೇರು ಕೊಳೆಸುವ ಸೂಕ್ಷ್ಮಜೀವಿಗಳು ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಜೋರಾಗಿ ಹಬ್ಬುತ್ತವೆ. ಬೇರು ಸತ್ತ ಗಿಡ ನೀರಿನಲ್ಲಿ ನಿಂತರೂ ಬಾಡುತ್ತದೆ, ಕುಡಿಯಲು ಬಾಯೇ ಇಲ್ಲವಲ್ಲ. ಆಗ ಇನ್ನಷ್ಟು ನೀರು ಹಾಕಿದರೆ ಪಕ್ಕದ ಗಿಡವೂ ಹೋಗುತ್ತದೆ.

ರೊಡೊಡೆಂಡ್ರಾನ್ ಹಳದಿಯಾಗಲು ಕಾರಣ ಬೇರೆ. ಈ ಜಾತಿಗೆ ಹುಳಿ ಮಣ್ಣು ಬೇಕು, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 4.5ರಿಂದ 6ರ ಒಳಗೆ. ಮೇಷ್ಟ್ರ ಮನೆಯಲ್ಲಿ ಗಿಡಕ್ಕೆ ಹಾಕುತ್ತಿದ್ದದ್ದು ಬೋರ್ ನೀರು. ಬಕೆಟ್ ಅಂಚಿನಲ್ಲಿ, ನಲ್ಲಿ ಬಾಯಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರು. ಅದರ ಜೊತೆ ಮೇಸ್ತ್ರಿ ಚಪ್ಪಡಿಗಳು ಅಲುಗಾಡದಿರಲಿ ಅಂತ ಸಂದಿಗಳಿಗೆಲ್ಲ ಸಿಮೆಂಟ್ ತುಂಬಿದ್ದ. ಸಿಮೆಂಟಿನಿಂದ ಸುಣ್ಣ ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ಹುಳಿ ಹೋದರೆ ಕಬ್ಬಿಣ ಮಣ್ಣಿನಲ್ಲೇ ಇದ್ದರೂ ರೊಡೊಡೆಂಡ್ರಾನ್‌ಗೆ ಸಿಗುವುದಿಲ್ಲ. ನರ ಹಸಿರು, ನಡುವೆ ಹಳದಿ ಆಗುವುದು ಅದಕ್ಕೇ. ಇನ್ನೊಂದು ನಷ್ಟವೂ ಆಯಿತು. ಸಿಮೆಂಟ್ ತುಂಬಿದ ಸಂದಿಯಿಂದ ನೀರು ಇಳಿದು ಹೋಗುವುದಿಲ್ಲ. ರಾಕ್ ಗಾರ್ಡನ್ ಅಂತ ಹೆಸರಿದ್ದರೂ ಒಳಗೆ ಅದು ಒಂದು ತೊಟ್ಟಿಯಾಗಿತ್ತು.

ಗಡಸು ನೀರು, ಸುಣ್ಣ, ನೀರು ಬಸಿಯದಿರುವುದು, ಇವೆಲ್ಲ ಸರಿಮಾಡಬಹುದಾದ ವಿಷಯ. ಮಳೆ ನೀರು ಹಿಡಿದಿಟ್ಟು ಹಾಕಬಹುದು, ಸಿಮೆಂಟ್ ಒಡೆದು ತೆಗೆಯಬಹುದು. ಆದರೆ ಕ್ಯಾಸಿಯೋಪಿ ಸತ್ತದ್ದು ಇವುಗಳಿಂದ ಮಾತ್ರ ಅಲ್ಲ ಅಂತ ನನಗೆ ಅನಿಸಿತು. ಅದು ಮಳೆಗೆ ಮುಂಚೆಯೇ ಸೊರಗುತ್ತಾ ಬಂದಿತ್ತು. ಮೇಷ್ಟ್ರಿಗೆ ಒಂದು ಕೆಲಸ ಹೇಳಿದೆ. ರಾತ್ರಿ ಊಟ ಆದ ಮೇಲೆ ಹೋಗಿ ಬಂಡೆಯ ಮೇಲೆ ಅಂಗೈ ಇಡಿ. ಒಲೆ ಆರಿಸಿದ ಮೇಲೂ ರೊಟ್ಟಿ ಹೆಂಚು ಬಿಸಿ ಹಿಡಿದುಕೊಂಡೇ ಇರುತ್ತದಲ್ಲ, ಆ ಚಪ್ಪಡಿಗಳೂ ಹಾಗೇ ಇದ್ದವು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಗಿಡ ಹಗಲು ಸಕ್ಕರೆ ಮಾಡಿಕೊಳ್ಳುತ್ತದೆ, ಅದರಲ್ಲಿ ಒಂದು ಪಾಲನ್ನು ರಾತ್ರಿ ಉಸಿರಾಟದಲ್ಲಿ ಖರ್ಚು ಮಾಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಉಸಿರಾಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹೂಗಳ ಕಣಿವೆ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಮೈಸೂರು ಇರುವುದು ಸುಮಾರು 770 ಮೀಟರ್‌ನಲ್ಲಿ. ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಲೆಕ್ಕ ಹಾಕಿದರೆ, ಎತ್ತರ ಒಂದರಿಂದಲೇ 17–18 ಡಿಗ್ರಿ ವ್ಯತ್ಯಾಸ. ಬೇಸಿಗೆಯಲ್ಲೂ ರಾತ್ರಿ ಚಳಿ ಹತ್ತುವ ಕಡೆ ಬೆಳೆದ ಪೊದೆ, ಏಪ್ರಿಲ್‌ನಲ್ಲಿ 20–21 ಡಿಗ್ರಿಗಿಂತ ಕೆಳಗೆ ಇಳಿಯದ ಮೈಸೂರಿನ ರಾತ್ರಿಗೆ ಬಂದರೆ, ಹಗಲಿನ ಗಳಿಕೆಯನ್ನೆಲ್ಲ ರಾತ್ರಿಯೇ ಕಳೆದುಕೊಳ್ಳುತ್ತದೆ. ಮೇಲಾಗಿ ಪಕ್ಕದಲ್ಲೇ ಕಾದ ಗ್ರಾನೈಟ್. ನಾಲ್ಕೈದು ತಿಂಗಳು ಉಳಿತಾಯದ ಮೇಲೆ ಬದುಕುತ್ತದೆ, ಆಮೇಲೆ ಕೈ ಬರಿದು. ಉದ್ದಕ್ಕೆ ಬಂದ ಆ ಪೇಲವ ಚಿಗುರು ಖುಷಿಪಡುವಂಥದ್ದಾಗಿರಲಿಲ್ಲ, ಪಾಪ.

ನೆರಳು ಬಲೆ ಹಗಲಿನ ಬಿಸಿಲನ್ನು ತಡೆಯುತ್ತದೆ. ರಾತ್ರಿಗೆ ಅದರಿಂದ ಏನೂ ಆಗುವುದಿಲ್ಲ. ನೆಲದ ಬಿಸಿ ಆಕಾಶಕ್ಕೆ ಹೋಗುವುದನ್ನು ಸ್ವಲ್ಪ ತಡೆದರೂ ತಡೆದೀತು.

ಚಳಿಗಾಲದ ಸಮಸ್ಯೆ ಇನ್ನೂ ಆಳದ್ದು. ಮರಗಳು ನಿಲ್ಲುವ ಎತ್ತರಕ್ಕಿಂತ ಮೇಲೆ ಬೆಳೆಯುವ ಪೊದೆಗಳು ತಿಂಗಳುಗಟ್ಟಲೆ ಹಿಮದ ಅಡಿಯಲ್ಲಿ ಇರುತ್ತವೆ. ಮೇಲೆ ಎಷ್ಟೇ ಗಾಳಿ, ಚಳಿ ಇರಲಿ, ಹಿಮದ ಅಡಿಯಲ್ಲಿ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿ ನಿಂತಿರುತ್ತದೆ. ಗಿಡಕ್ಕೆ ಅದು ನಿದ್ದೆ. ಹಿಂದಿನ ಬೇಸಿಗೆಯಲ್ಲಿ ಕಟ್ಟಿದ ಮೊಗ್ಗು ಆ ದೀರ್ಘ ಚಳಿಯನ್ನು ದಾಟಿದ ಮೇಲೆಯೇ ಸರಿಯಾಗಿ ಅರಳುತ್ತದೆ. ಮೈಸೂರಿನ ಜನವರಿ ರಾತ್ರಿ ನಮಗೆ ಶಾಲು ಹೊದೆಯುವಷ್ಟು ಚಳಿ, ಆದರೂ 15–16 ಡಿಗ್ರಿ. ಆ ಪೊದೆಗಳ ಲೆಕ್ಕದಲ್ಲಿ ಅದು ಬೇಸಿಗೆಯ ಹಗಲು.

ಮೇಷ್ಟ್ರು ಸುಲಭಕ್ಕೆ ಬಿಡುವವರಲ್ಲ. ತಣ್ಣಗೆ ಮಾಡುವ ದಾರಿ ಹುಡುಕೋಣ ಅಂದರು. ಉಳಿದಿದ್ದ ರೊಡೊಡೆಂಡ್ರಾನ್‌ಗಳನ್ನು ಸುಟ್ಟ ಮಣ್ಣಿನ ಕುಂಡಗಳಿಗೆ ಹಾಕಿ, ಕುಂಡಗಳನ್ನು ಒದ್ದೆ ಮರಳಿನ ತೊಟ್ಟಿಯಲ್ಲಿ ಕತ್ತಿನವರೆಗೆ ಹೂತೆವು. ಮರಳಿನಿಂದ ನೀರು ಆವಿಯಾಗುವಾಗ ಕುಂಡ ತಣ್ಣಗಾಗುತ್ತದೆ. ಗಾಳಿ ಒಣಗಿದ್ದಾಗ ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಫೆಬ್ರವರಿ–ಮಾರ್ಚ್‌ನಲ್ಲಿ ಕುಂಡದ ಮೈ ಮುಟ್ಟಿದರೇ ಗೊತ್ತಾಗುತ್ತಿತ್ತು. ಗಾಳಿಯಲ್ಲಿ ತೇವ ಜಾಸ್ತಿ ಆದ ಕೂಡಲೇ ಆವಿಯಾಗುವುದು ಕಡಿಮೆ, ತಂಪೂ ಕಡಿಮೆ. ಮೇ ಮಳೆ ಶುರುವಾದ ಮೇಲೆ ಮರಳು ಒದ್ದೆಯಾಗಿ ಬೆಚ್ಚಗೆ ಕೂತಿತು. ಬೇರು ಕೊಳೆಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಆ ಮಳೆಗಾಲದಲ್ಲಿ ಉಳಿದ ಗಿಡಗಳೂ ಹೋದವು.

ಲಂಡನ್ನಿನ ಕ್ಯೂ ಉದ್ಯಾನದವರಿಗೂ ಈ ತಂಪಿನ ಚಿಂತೆ ತಪ್ಪಿದ್ದಲ್ಲ. ಎತ್ತರದ ಬೆಟ್ಟದ ಗಿಡಗಳಿಗಾಗಿ ಅಲ್ಲಿ 2006ರಲ್ಲಿ ತೆರೆದ ಗಾಜಿನ ಮನೆ, ಡೇವಿಸ್ ಆಲ್ಪೈನ್ ಹೌಸ್‌ನ ನೆಲದಡಿಯಲ್ಲಿ ಕಾಂಕ್ರೀಟಿನ ಸುತ್ತುದಾರಿಗಳಿವೆ. ಹೊರಗಿನ ಗಾಳಿ ಅದರಲ್ಲಿ ಸುತ್ತಿ ತಣ್ಣಗಾಗಿ ಗಿಡಗಳ ಹತ್ತಿರ ಬರುತ್ತದೆ. ಬಿಸಿ ಗಾಳಿ ಎತ್ತರದ ಗಾಜಿನ ಛಾವಣಿಯ ಮೇಲಿನಿಂದ ಹೊರಗೆ ಹೋಗುತ್ತದೆ. ಆ ಸುತ್ತುದಾರಿಗೆ ತಂಪು ಕೊಡುವುದು ಲಂಡನ್ನಿನ ತಂಪು ರಾತ್ರಿ. ನಮ್ಮಲ್ಲಿ ಆ ರಾತ್ರಿಯೇ ಇಲ್ಲ. ಏಸಿ ಹಾಕಿದ ಗಾಜಿನ ಪೆಟ್ಟಿಗೆ ಮಾಡಿಸಬಹುದು, ವರ್ಷಪೂರ್ತಿ ಕರೆಂಟ್ ಸುಡಬಹುದು. ಒಂದು ರಾತ್ರಿ ಕರೆಂಟ್ ಕೈಕೊಟ್ಟರೆ ಎಲ್ಲ ಮುಗಿಯಿತು. ಮೇಷ್ಟ್ರಿಗೆ ನಾನು ಅದನ್ನು ಬೇಡವೇ ಬೇಡ ಅಂದೆ.

ಗಿಡಗಳು ಬಂದ ದಾರಿಯ ಬಗ್ಗೆಯೂ ಹೇಳಬೇಕು. ಸತ್ತ ಕ್ಯಾಸಿಯೋಪಿಯ ಬೇರಿನ ಉಂಡೆ ಬಿಡಿಸಿದಾಗ ಒಳಗೆ ಕುಂಡದ ಗೊಬ್ಬರ ಇರಲಿಲ್ಲ. ಬೆಟ್ಟದ ಕಪ್ಪು ಮಣ್ಣು, ಪಾಚಿ, ಬೇರೆ ಯಾವುದೋ ಹುಲ್ಲಿನ ಬೇರು, ಮತ್ತೆ ಗುದ್ದಲಿಯಿಂದ ಕಡಿದ ದಪ್ಪ ಬೇರಿನ ತುದಿ. ನರ್ಸರಿಯಲ್ಲಿ ಬೀಜದಿಂದ ಬೆಳೆದ ಗಿಡ ಹಾಗಿರುವುದಿಲ್ಲ. ಕಾಡಿನಿಂದ ಅಗೆದು ತಂದ ಗಿಡ ಹಾಗಿರುತ್ತದೆ. ಇದು ನನಗೆ ತುಂಬ ನೋವಾದ ವಿಷಯ. ಎತ್ತರದ ಬೆಟ್ಟಗಳಲ್ಲಿ ವರ್ಷಕ್ಕೆ ಕೆಲವೇ ತಿಂಗಳು ಬೆಳವಣಿಗೆ. ಕೈಯಗಲದ ಪೊದೆ ಆಗಲು ಎಷ್ಟೋ ವರ್ಷ ಬೇಕು. ಅಪರೂಪದ ಗಿಡ ಅಂತ ಪ್ರೀತಿಯಿಂದ ಕೊಂಡವರು ಅದು ಇನ್ನಷ್ಟು ಅಪರೂಪ ಆಗಲು ಕಾರಣರಾಗಬಾರದು. ಕೊಳ್ಳುವ ಮುಂಚೆ ಬೀಜದ್ದಾ, ಕಡ್ಡಿ ನೆಟ್ಟದ್ದಾ ಅಂತ ಕೇಳಿ. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಕೊಳ್ಳಬೇಡಿ. ಹೊರದೇಶದಿಂದ ಬೀಜ, ಗಿಡ ತರಿಸುವವರಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಪರವಾನಗಿ, ರೋಗ ಇಲ್ಲ ಅನ್ನುವ ಪ್ರಮಾಣಪತ್ರ ಎರಡೂ ಬೇಕು.

ಮುಂದಿನ ಹೆಜ್ಜೆಯಾಗಿ ಹಿಮಾಲಯ ಬಿಟ್ಟು ನೀಲಗಿರಿಯತ್ತ ತಿರುಗಿದೆವು. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ದಕ್ಷಿಣ ಭಾರತದ ಒಂದೇ ಒಂದು ರೊಡೊಡೆಂಡ್ರಾನ್ ಬೆಳೆಯುವುದು ಅಲ್ಲಿಯ ಮತ್ತು ಅಂಥದೇ ಎತ್ತರದ ಬೆಟ್ಟಗಳ ಹುಲ್ಲುಗಾವಲು, ಶೋಲಾ ಅನ್ನುವ ಕುಳ್ಳ ಮರಗಳ ಕಾಡಿನ ಅಂಚಿನಲ್ಲಿ. ಕೆಂಪು ಹೂವಿನ, ಮರವಾಗುವ ಜಾತಿ. ಬೀಜದಿಂದ ಬೆಳೆದ ಒಂದು ಸಸಿ ಸಿಕ್ಕಿತು. ಹಳದಿ ಹೂವಿನ ಹೈಪೆರಿಕಮ್ ಮೈಸುರೆನ್ಸ್, ಗುಲಾಬಿ ಹೂವಿನ ಬೆಟ್ಟದ ಸೀಬೆ ರೋಡೋಮಿರ್ಟಸ್ ಇವೂ ಬಂದವು. ಸಿಮೆಂಟ್ ಅಷ್ಟನ್ನೂ ಒಡೆಸಿ, ತೋಟವನ್ನು ಹೊಸದಾಗಿ ಕಟ್ಟಿದೆವು.

ಕಟ್ಟಿದ ಕ್ರಮ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಚಪ್ಪಡಿಗಳನ್ನು ಅಡ್ಡಡ್ಡ ಪೇರಿಸುವ ಬದಲು ನೆಟ್ಟಗೆ ನಿಲ್ಲಿಸಿದೆವು, ಮುಕ್ಕಾಲು ಭಾಗ ಮಣ್ಣಿನೊಳಗೆ. ಎರಡು ಚಪ್ಪಡಿಗಳ ನಡುವೆ ಒಂದೂವರೆ ಇಂಚಿನಷ್ಟು ಸಂದಿ. ಮಣ್ಣು ಅಂದರೆ ಅರ್ಧದಷ್ಟು ಕಾಲು ಇಂಚಿನ ಜಲ್ಲಿ, ಉಳಿದದ್ದು ದಪ್ಪ ಮರಳು ಮತ್ತು ಚೆನ್ನಾಗಿ ಕೊಳೆತ ಎಲೆ ಗೊಬ್ಬರ. ಎಂ-ಸ್ಯಾಂಡ್ ಬಳಸುವವರು ಅದರ ಧೂಳು ತೊಳೆದು ಹಾಕಬೇಕು. ಇಲ್ಲದಿದ್ದರೆ ಒಂದು ಮಳೆಗೇ ಗಟ್ಟಿಯಾಗಿ ನೀರು ನಿಲ್ಲುತ್ತದೆ. ಮೇಲೆ ಎರಡು ಇಂಚು ಜಲ್ಲಿ ಹೊದಿಕೆ. ಗಿಡದ ಕುತ್ತಿಗೆ, ಅಂದರೆ ಕಾಂಡ ಬೇರು ಸೇರುವ ಜಾಗ, ಆ ಜಲ್ಲಿಯ ನಡುವೆ ಇರಬೇಕು, ಮಣ್ಣಿಗೆ ತಾಗಬಾರದು. ಎಂಥ ಮಳೆ ಬಂದರೂ ಆ ಭಾಗ ಬೇಗ ಒಣಗುತ್ತದೆ. ಬೇರು ಮಾತ್ರ ಸಂದಿಯಲ್ಲಿ ಆಳಕ್ಕೆ ಇಳಿದು ತಂಪು ಹುಡುಕಿಕೊಳ್ಳುತ್ತದೆ.

ದಿಕ್ಕಿನ ವಿಷಯದಲ್ಲಿ ಯುರೋಪಿನ ತೋಟಗಾರರ ಸಲಹೆ ಇಲ್ಲಿ ನಡೆಯುವುದಿಲ್ಲ. ಅವರು ಸೂಕ್ಷ್ಮ ಗಿಡಗಳನ್ನು ಬಂಡೆಯ ಉತ್ತರಕ್ಕೆ ನೆಡಿ ಅನ್ನುತ್ತಾರೆ. ಅವರ ಸೂರ್ಯ ನಡುಮಧ್ಯಾಹ್ನ ಸದಾ ದಕ್ಷಿಣದಲ್ಲಿ, ಹಾಗಾಗಿ ಉತ್ತರದಲ್ಲಿ ನೆರಳು. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ 20ರ ಆಸುಪಾಸಿನವರೆಗೂ ಮಧ್ಯಾಹ್ನ ಉತ್ತರದಲ್ಲೇ ಇರುತ್ತಾನೆ. ಮೇ ತಿಂಗಳ ಸುಡು ಬಿಸಿಲು ಬೀಳುವುದೇ ಉತ್ತರ ಮುಖದ ಮೇಲೆ! ಮೇಷ್ಟ್ರು ಡ್ಯಾಫ್ನಿಯನ್ನು ಓದಿಕೊಂಡ ಹಾಗೆ ಉತ್ತರಕ್ಕೇ ನೆಟ್ಟಿದ್ದರು. ನಮಗೆ ಇಲ್ಲಿ ಕೆಲಸಕ್ಕೆ ಬರುವುದು ಪೂರ್ವ. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲೆ ಮನೆಯ ಗೋಡೆಯ ನೆರಳು ಬೀಳುತ್ತದೆ. ಸಂಜೆ ಬಿಸಿಲು ತಾಗದ ಬಂಡೆ ರಾತ್ರಿಗೆ ಬೇಗ ತಣಿಯುತ್ತದೆ.

ಬೆಟ್ಟದ ಸೀಬೆ ಜೋರಾಗಿ ಬಂತು. ಅದು ಬಿಸಿ ದೇಶಗಳಲ್ಲೂ ಬೆಳೆಯುವ ಗಿಡವೇ. ಅಮೆರಿಕದ ಫ್ಲೋರಿಡಾದಲ್ಲಿ ಕಳೆಯಾಗಿ ಹಬ್ಬಿ ತೊಂದರೆ ಕೊಟ್ಟಿದೆ. ಹಾಗಾಗಿ ಹಣ್ಣನ್ನು ಹಕ್ಕಿಗೆ ಬಿಡದೆ ಕಿತ್ತು ತಿನ್ನಿ ಅಂತ ಮೇಷ್ಟ್ರ ಮನೆಯವರಿಗೆ ಹೇಳಿದ್ದೇನೆ. ಹೈಪೆರಿಕಮ್ ಬೇಸಿಗೆಯಲ್ಲಿ ಸೊರಗುತ್ತದೆ, ಮಳೆ ಬಂದರೆ ಎದ್ದುಕೊಳ್ಳುತ್ತದೆ. ರೊಡೊಡೆಂಡ್ರಾನ್ ಸಸಿ ಮಳೆ ನೀರು ಕುಡಿದುಕೊಂಡು ಹಸಿರಾಗಿ ನಿಂತಿದೆ. ಬೆಳವಣಿಗೆ ಮಾತ್ರ ತೀರಾ ಕಡಿಮೆ, ಇಲ್ಲಿ ಮೊಗ್ಗು ಕಟ್ಟುತ್ತದೆ ಅನ್ನುವ ಭರವಸೆ ನನಗಿಲ್ಲ.

ಇಷ್ಟಾದ ಮೇಲೂ ಅರ್ಧ ತೋಟ ಖಾಲಿ ಇತ್ತು. ಅದಕ್ಕೆ ಚಾಮುಂಡಿ ಬೆಟ್ಟದ ಕಡೆ ನೋಡೋಣ ಅಂದೆ. ಮೇಷ್ಟ್ರಿಗೆ ಮೊದಲು ಅಷ್ಟು ಒಪ್ಪಿಗೆಯಾಗಲಿಲ್ಲ. ದಿನಾ ಕಾಣುವ ಬೆಟ್ಟದಲ್ಲಿ ಅಪರೂಪದ್ದೇನಿದೆ ಅಂತ. ನಾನು ಮಾಗಳಿ ಬೇರಿನ ಹೆಸರು ಹೇಳಿದೆ.

ಮಾಗಳಿ ಬೇರಿನ ಉಪ್ಪಿನಕಾಯಿ ಮೈಸೂರು ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕೆಲವರಿಗೆ ಅದರ ಘಮ ಪ್ರಾಣ, ಕೆಲವರು ತಿಗಣೆ ವಾಸನೆ ಅಂತ ಮೂಗು ಮುಚ್ಚುತ್ತಾರೆ. ಆ ಘಮ ಕೊಡುವ ವಸ್ತು ವೆನಿಲಾದ ವೆನಿಲಿನ್‌ಗೆ ತೀರಾ ಹತ್ತಿರದ್ದು. ಬೇರು ತಿಂದವರು ಬಹಳ, ಗಿಡ ನೋಡಿದವರು ಕಡಿಮೆ. ಡೆಕಾಲೆಪಿಸ್ ಹ್ಯಾಮಿಲ್ಟೋನಿ ಅಂತ ಅದರ ಶಾಸ್ತ್ರೀಯ ಹೆಸರು. ದಕ್ಷಿಣ ಭಾರತದ ಒಣ ಬೆಟ್ಟಗಳ ಬಂಡೆ ಸಂದಿಯಲ್ಲಿ ಬೆಳೆದು, ಕಲ್ಲಿನ ಮೇಲೆ ಹಬ್ಬುವ ಪೊದೆ. ಬೇರಿಗಾಗಿ ಇಡೀ ಗಿಡವನ್ನೇ ಕೀಳುವುದರಿಂದ ಕಾಡಿನಲ್ಲಿ ಬೇಗ ಬೇಗ ಕಡಿಮೆಯಾಗುತ್ತಾ, ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. ಮೇಷ್ಟ್ರು ಹುಡುಕುತ್ತಿದ್ದ ಎಲ್ಲವೂ ಅದರಲ್ಲಿತ್ತು. ಬಂಡೆ ಸಂದಿ, ಪೊದೆ, ಅಪರೂಪ.

ಬೆಟ್ಟದಿಂದ ಏನನ್ನೂ ಅಗೆದು ತರಲಿಲ್ಲ. ಅರಣ್ಯದಿಂದ ಗಿಡ ಕೀಳುವುದು ಕಾನೂನಿಗೂ ವಿರುದ್ಧ. ಮನೆಯಲ್ಲಿ ಮಾಗಳಿ ಬೆಳೆಸಿದ್ದ ಪರಿಚಯದವರಿಂದ ಬೀಜ ತಂದೆವು. ಎಕ್ಕದ ಬೀಜಕ್ಕಿರುವಂಥದೇ ರೇಷ್ಮೆ ಕೂದಲು ಇದಕ್ಕೂ ಇದೆ. ಕಾಯಿ ಒಡೆದ ಕೂಡಲೇ ಹಾರಿಹೋಗುತ್ತದೆ, ಅದಕ್ಕೆ ಬಲಿಯುವಾಗಲೇ ಬಟ್ಟೆ ಕಟ್ಟಬೇಕು. ಬೀಜ ಹಳೆಯದಾದಷ್ಟೂ ಮೊಳೆಯುವುದು ಕಡಿಮೆ, ಹಾಗಾಗಿ ತಂದ ವಾರದಲ್ಲೇ ಬಿತ್ತಿದೆವು. ಸಸಿಗಳನ್ನು ಚಿಕ್ಕದಿರುವಾಗಲೇ ಸಂದಿಗೆ ಇಳಿಸಿದೆವು, ಬೇರು ದಪ್ಪಗಾದ ಮೇಲೆ ಕದಲಿಸುವುದು ಕಷ್ಟ. ಅದರ ಜೊತೆ ಬಂದರಿಕೆ, ಕವಳೆ, ಚಿತ್ರಮೂಲ ಬಂದವು. ಒಂದು ಅರಿಶಿನ ಬೂರುಗವನ್ನೂ ನೆಟ್ಟೆವು. ಎಲೆ ಉದುರಿದ ಕೊಂಬೆಯಲ್ಲಿ ಬೇಸಿಗೆ ಶುರುವಿಗೆ ಹಳದಿ ಹೂ ಬಿಡುವ ಮರ ಅದು. ಕಲ್ಲಿನ ನಡುವೆ ಮಣ್ಣು ಕಡಿಮೆ ಇರುವುದರಿಂದ ಕುಳ್ಳಗೇ ಉಳಿಯಲಿ ಅನ್ನುವುದು ನಮ್ಮ ಲೆಕ್ಕ.

ಮೊದಲ ಏಪ್ರಿಲ್‌ನಲ್ಲಿ ಮೇಷ್ಟ್ರು ಗಾಬರಿಯಿಂದ ಫೋನ್ ಮಾಡಿದರು. ಮಾಗಳಿ ಎಲೆ ಎಲ್ಲ ಉದುರಿದೆ, ಇದೂ ಹೋಯಿತು ಅಂತ. ಹೋಗಿಲ್ಲ, ಮಲಗಿದೆ ಅಂದೆ. ಹಿಮಾಲಯದ ಪೊದೆಗೆ ನಿದ್ದೆ ಚಳಿಗಾಲದಲ್ಲಿ, ಹಿಮದ ಅಡಿಯಲ್ಲಿ. ನಮ್ಮ ಬಂಡೆ ಬೆಟ್ಟದ ಪೊದೆಗೆ ನಿದ್ದೆ ಬೇಸಿಗೆಯಲ್ಲಿ, ದಪ್ಪ ಬೇರಿನಲ್ಲಿ ನೀರು, ಆಹಾರ ಕೂಡಿಟ್ಟುಕೊಂಡು. ಎಲೆಯೇ ಇಲ್ಲದ ಗಿಡಕ್ಕೆ ಬೆಚ್ಚಗಿನ ರಾತ್ರಿಯಲ್ಲಿ ಖರ್ಚೂ ಕಡಿಮೆ. ಆ ಹೊತ್ತಿನಲ್ಲಿ ಪಾಪ ಅಂತ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಮೇಷ್ಟ್ರು ಕಷ್ಟಪಟ್ಟು ಕೈ ಕಟ್ಟಿ ಕೂತರು. ಮೇ ತಿಂಗಳ ಮಳೆ ಆದ ಮೇಲೆ ಬುಡದಿಂದ ಕೆಂಪು ಚಿಗುರು ಬಂತು.

ಈಗ ಆ ತೋಟದಲ್ಲಿ ನೀರು ಕೇಳುವ ಗಿಡ ಅಂದರೆ ಹೈಪೆರಿಕಮ್ ಮತ್ತು ರೊಡೊಡೆಂಡ್ರಾನ್ ಎರಡೇ. ಅವುಗಳಿಗೆ ಛಾವಣಿಯ ಮಳೆ ನೀರನ್ನು ಡ್ರಮ್‌ನಲ್ಲಿ ಹಿಡಿದಿಟ್ಟಿದ್ದಾರೆ. ಮಾಗಳಿ ಒಂದು ಚಪ್ಪಡಿಯನ್ನು ಪೂರ್ತಿ ಮುಚ್ಚಿದೆ. ಅದರ ಬೇರನ್ನು ಉಪ್ಪಿನಕಾಯಿಗೆ ಕೀಳಬಾರದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ, ಬಂದ ಬೀಜವನ್ನೆಲ್ಲ ಬಿತ್ತಿ ಸಸಿ ಮಾಡಿ ಕೇಳಿದವರಿಗೆ ಕೊಡುತ್ತಾರೆ. ಉಳಿದದ್ದು ರೊಡೊಡೆಂಡ್ರಾನ್ ಸಸಿ. ಮಡಿಕೇರಿಯ ಹತ್ತಿರ ಮೇಷ್ಟ್ರ ನೆಂಟರ ತೋಟವಿದೆ. ಮೈಸೂರಿಗಿಂತ ಸುಮಾರು 400 ಮೀಟರ್ ಎತ್ತರ, ಹುಳಿ ಮಣ್ಣು, ರಾತ್ರಿ ಇಲ್ಲಿಗಿಂತ ತಂಪು. ಈ ಮಳೆಗಾಲ ಶುರುವಾಗುವಾಗ ಅದನ್ನು ಬೇರಿನ ಉಂಡೆ ಒಡೆಯದಂತೆ ಎತ್ತಿ ಅಲ್ಲಿಗೆ ಕಳಿಸುವುದು ಅಂತ ಒಪ್ಪಿಕೊಂಡಿದ್ದಾರೆ. ಖಾಲಿಯಾಗುವ ಆ ಸಂದಿಗೆ ಕಳ್ಳಿಯಂತೆ ಕಾಣುವ ಮಂಗನಕೋಡು ನೆಡಬೇಕು, ಅದರ ತುಂಡನ್ನು ನೆರಳಿನಲ್ಲಿ ಒಣಗಿಸಲು ಇಟ್ಟಾಗಿದೆ.